ಮುನ್ನೂರ ಐವತ್ತೆರಡಕ್ಕೆ ಅಂಟಿಸಿದ ಚೀಟಿ

ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಚಿಟಿಕೆ ಮೈಲುತುತ್ತ ಬೆರೆಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ಹೋದರೆ ಪುಸ್ತಕ ಕಟ್ಟುವವರ ಅಂಟು ಸಿದ್ಧವಾಗುತ್ತದೆ. ಅದರ ವಾಸನೆ ಹಸಿ ಹಿಟ್ಟಿನದೂ ಅಲ್ಲ, ಬೆಂದ ಹಿಟ್ಟಿನದೂ ಅಲ್ಲ. ನಡುವೆ ಲೋಹದ ಒಂದು ಒಗರು ಇರುತ್ತದೆ. ವಾಸನೆಯೊಂದು ಮೂಗಿಗೆ ತಾಕಿದೊಡನೆ ಹಳೆಯ ಕಾಲವೆಲ್ಲ ಎದುರು ಬಂದು ನಿಲ್ಲುತ್ತದೆ ಎಂದು ಬರೆಯುವವರನ್ನು ನಾನು ನಂಬಿದವನಲ್ಲ. ಈ ಅಂಟನ್ನು ನಾನೇ ಮೂವತ್ತು ವರ್ಷ ಕುದಿಸಿದ್ದೇನೆ. ಅದು ಎಂದೂ ನನಗೆ ಏನನ್ನೂ ನೆನಪಿಸಿರಲಿಲ್ಲ. ಕಳೆದ ವಾರ ಹಾನಗಲ್ ಬಸ್ ನಿಲ್ದಾಣದ ಹಿಂದಿರುವ ರುದ್ರಪ್ಪನ ಬೈಂಡಿಂಗ್ ಅಂಗಡಿಗೆ, ನನ್ನ ಸಂವಿಧಾನದ ಪ್ರತಿಯನ್ನು ಬಗಲಲ್ಲಿಟ್ಟುಕೊಂಡು ಹೋದೆ. ಒಲೆಯ ಮೇಲಿನ ಡಬ್ಬಿಯ ಹಬೆ ಮುಖಕ್ಕೆ ಬಡಿಯಿತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಮೊಮ್ಮಗಳು ಸುಜಾತಾ ನನ್ನ ಮನೆಯಲ್ಲಿದ್ದ ಆ ಒಂದು ಮಳೆಗಾಲವನ್ನೂ, ಆಗ ನಾನು ಮಾಡಿದ ತಪ್ಪನ್ನೂ ಬರೆದಿಡಬೇಕೆಂದು ಅಲ್ಲೇ ನಿರ್ಧರಿಸಿದೆ. ಬರೆಯುವ ಮುನ್ನ ಇಬ್ಬರ ಒಪ್ಪಿಗೆ ಪಡೆಯಬೇಕಿತ್ತು, ಪಡೆದಿದ್ದೇನೆ. ಯಾಕೆಂಬುದು ಓದುತ್ತ ಹೋದಂತೆ ತಿಳಿಯುತ್ತದೆ.

ನಾನು ಓದಿದ್ದು ಏಳನೆಯ ಇಯತ್ತೆಯವರೆಗೆ. ಹಾನಗಲ್ಲಿನ ಒಂದು ಕಚೇರಿಯಲ್ಲಿ ಸಿಪಾಯಿಯಾಗಿದ್ದೆ. ಸಾಹೇಬರ ಬಾಗಿಲಲ್ಲಿ ನಿಲ್ಲುವುದು, ಟಪಾಲು ಹಂಚುವುದು ಎಲ್ಲ ಸಿಪಾಯಿಗಳಿಗೂ ಇದ್ದ ಕೆಲಸ. ನನಗೆ ಮಾತ್ರ ಇದ್ದ ಕೆಲಸವೆಂದರೆ ತಿದ್ದುಪಡಿ ಚೀಟಿ ಅಂಟಿಸುವುದು. ಕಾಯ್ದೆಯ ಒಂದು ನಿಯಮ ಬದಲಾದರೆ ಸರಕಾರ ಇಡೀ ಪುಸ್ತಕವನ್ನು ಮತ್ತೆ ಅಚ್ಚು ಹಾಕುತ್ತಿರಲಿಲ್ಲ. ಬದಲಾದ ಸಾಲುಗಳಷ್ಟನ್ನೇ ಸಣ್ಣ ಚೀಟಿಯಲ್ಲಿ ಅಚ್ಚು ಹಾಕಿ ಕಳಿಸುತ್ತಿತ್ತು. ಅದನ್ನು ಕತ್ತರಿಸಿ, ಹಳೆಯ ಸಾಲಿನ ಮಗ್ಗುಲಲ್ಲಿ ಒಂದು ಅಂಚು ಮಾತ್ರ ಅಂಟುವಂತೆ ಹಚ್ಚಬೇಕು. ಎತ್ತಿ ನೋಡಿದರೆ ಕೆಳಗಿನ ಹಳೆಯದೂ ಕಾಣಬೇಕು. ಹಚ್ಚುವ ಮುನ್ನ ನಾನು ಎರಡನ್ನೂ ಓದುತ್ತಿದ್ದೆ. ನನ್ನ ವಿದ್ಯಾಭ್ಯಾಸ ನಡೆದದ್ದು ಹೀಗೆ. ಯಾರು ಏನು ಹೇಳಿದರೂ ‘ಮೂಲದಾಗ ಎಲ್ಲೈತಿ, ತೋರ್ಸ್ರಿ’ ಎನ್ನುವ ಚಟ ಅಂಟಿಕೊಂಡದ್ದೂ ಅಲ್ಲಿಂದಲೇ.

ಸಂವಿಧಾನದ ಕನ್ನಡ ಪ್ರತಿಯನ್ನು ನನಗೆ ಕೊಟ್ಟವರು ವರ್ಗವಾಗಿ ಹೊರಟಿದ್ದ ಒಬ್ಬ ಸಾಹೇಬರು. ಆಗಲೇ ಅದು ಹಳೆಯದು. ಮೊದಲ ಪುಟಗಳು ಹರಿದುಹೋಗಿದ್ದುದರಿಂದ ಯಾವ ವರ್ಷದ ಮುದ್ರಣವೆಂದು ತಿಳಿಯುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅದರ ಜಾಗ ಬುದ್ಧನ ಮೂರ್ತಿಯ ಮಗ್ಗುಲು. ಕೆಳಗೆ ಬಿಳಿಯ ಬಟ್ಟೆ, ದಿನಕ್ಕೊಂದು ಹೂವು. ಕೈ ತೊಳೆಯದೆ ಮುಟ್ಟುವಂತಿರಲಿಲ್ಲ, ಪುಟದ ಮೂಲೆ ಮಡಚುವಂತಿರಲಿಲ್ಲ, ಪೆನ್ಸಿಲ್ಲಿನ ಒಂದು ಗೆರೆ ಎಳೆಯುವಂತಿರಲಿಲ್ಲ. ಆ ಪುಸ್ತಕವನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ, ಯಾವ ವಿಧಿ ಎಡಪುಟದಲ್ಲಿದೆ, ಯಾವುದು ಬಲಪುಟದಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ.

ಸುಜಾತಾ ನನ್ನ ಮಗಳು ಕಮಲಳ ಮಗಳು. ಅಳಿಯ ತೀರಿಕೊಂಡ ಮೇಲೆ ಕಮಲ ಸವಣೂರಿನ ಎಲೆತೋಟಗಳಲ್ಲಿ ವೀಳ್ಯದೆಲೆ ಕೊಯ್ದು ಮಗಳನ್ನು ಪದವಿಯವರೆಗೆ ಓದಿಸಿದಳು. ಪದವಿಯ ನಂತರ ಸುಜಾತಾ ಅಲ್ಲಿಯೇ ಒಂದು ಖಾರದ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದಳು. ಒಮ್ಮೆ ಮಳೆಗಾಲ ಮುಗಿದೊಡನೆ ನಾನೇ ಹೋಗಿ, ‘ಒಂದು ವರ್ಷ ನನ್ನ ಮನ್ಯಾಗ ಇರಲಿ, ಸರಕಾರಿ ನೌಕರಿ ಪರೀಕ್ಷಾ ಬರೀಲಿ’ ಎಂದು ಕರೆತಂದೆ. ಕಮಲ ಒಂದೇ ಮಾತು ಹೇಳಿದ್ದಳು: “ಅಪ್ಪಾ, ಒಂದ ವರ್ಷ. ಆಮೇಲೆ ಆಕಿ ಮತ್ತ ದುಡೀಬೇಕು. ನನ್ನ ಸೊಂಟಾನೂ ಮಾತ್ ಕೇಳವಲ್ದು.”

ಹಾನಗಲ್ಲಿನಲ್ಲಿ ಪ್ರತಿ ರವಿವಾರ ಪರೀಕ್ಷೆಗೆ ಕಟ್ಟುವವರಿಗೆ ಪಾಠ ಹೇಳಲು ಹಿರೇಕೆರೂರಿನಿಂದ ಚನ್ನಬಸಪ್ಪ ಎಂಬ ತರುಣ ಮಾಸ್ತರರು ಬರುತ್ತಿದ್ದರು. ಬಿಡಿಗಾಸೂ ಮುಟ್ಟದೆ ಕಲಿಸುವವರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದೆ. ಕೇಳುವುದಕ್ಕಿಂತ ಹೆಚ್ಚಾಗಿ ತಪ್ಪು ಹಿಡಿಯಲೆಂದು ಕಾಯುತ್ತಿದ್ದೆ. ಮೃಗಶಿರ ಮಳೆ ಹಿಡಿದಿತ್ತು. ಹೊರಗೆ ಗೋವಿನಜೋಳ ಬಿತ್ತುವ ಅವಸರ. ಒಳಗೆ ಕೇಂದ್ರ ಸರಕಾರದ ಮಂತ್ರಿಮಂಡಲದ ಪಾಠ.

ಅಂದು ಮಾಸ್ತರರು ಹೇಳಿದ ಬಹುಪಾಲನ್ನು ನಾನು ಒಪ್ಪಿದೆ. ಪ್ರಧಾನಿಯನ್ನು ರಾಷ್ಟ್ರಪತಿ ನೇಮಿಸುತ್ತಾರೆ. ಉಳಿದ ಮಂತ್ರಿಗಳನ್ನು ಪ್ರಧಾನಿಯ ಸಲಹೆಯಂತೆ ನೇಮಿಸುತ್ತಾರೆ. ಸಂಸತ್ತಿನ ಸದಸ್ಯನಲ್ಲದವನೂ ಮಂತ್ರಿಯಾಗಬಹುದು. ಆದರೆ ಆರು ತಿಂಗಳೊಳಗೆ ಯಾವುದಾದರೂ ಒಂದು ಸದನಕ್ಕೆ ಬಾರದಿದ್ದರೆ ಹುದ್ದೆ ಉಳಿಯದು. ಇಡೀ ಮಂಡಲ ಲೋಕಸಭೆಗೆ ಒಟ್ಟಾಗಿ ಹೊಣೆ. ಮಂತ್ರಿಗಳೆಲ್ಲ ಒಂದೇ ಪಂಕ್ತಿಯಲ್ಲಿ ಕೂಡುವವರಲ್ಲ. ಸಂಪುಟ ದರ್ಜೆಯವರು ದೊಡ್ಡ ಖಾತೆಗಳನ್ನು ಹಿಡಿದು ಸಂಪುಟದ ಸಭೆಯಲ್ಲಿ ಕೂತು ತೀರ್ಮಾನಿಸುತ್ತಾರೆ. ರಾಜ್ಯ ಸಚಿವರಲ್ಲಿ ಕೆಲವರು ತಮ್ಮ ಖಾತೆಯನ್ನು ಸ್ವತಂತ್ರವಾಗಿ ನಡೆಸುತ್ತಾರೆ, ಕೆಲವರು ಸಂಪುಟ ಸಚಿವರ ಕೈಕೆಳಗಿರುತ್ತಾರೆ. ಕರೆದರೆ ಮಾತ್ರ ಇವರು ಸಂಪುಟ ಸಭೆಯ ಬಾಗಿಲು ದಾಟುವುದು. ನಮ್ಮ ಓಣಿಯಲ್ಲಿ ಮಂತ್ರಿಯೆಂದರೆ ಮಂತ್ರಿ. ಎಲ್ಲರೂ ದಿಲ್ಲಿಯಲ್ಲಿ ಒಂದೇ ಮೇಜಿನ ಸುತ್ತ ಕೂಡುತ್ತಾರೆಂದೇ ಜನರ ನಂಬಿಕೆ. ಆ ನಂಬಿಕೆಯನ್ನು ಮಾಸ್ತರರು ಒಡೆದದ್ದು ನನಗೆ ಹಿತವೆನಿಸಿತು.

ಆಮೇಲೆ ಅವರು ಹೇಳಿದರು: “ಸಂಪುಟ ಅನ್ನೂದು ಎಪ್ಪತ್ನಾಲ್ಕು, ಎಪ್ಪತ್ತೈದನೇ ವಿಧಿಯೊಳಗ ಇಲ್ಲ. ಅಲ್ಲಿ ಇರೂದು ಮಂತ್ರಿಮಂಡಲ. ಸಂಪುಟ ಬರೂದು ಮುನ್ನೂರ ಐವತ್ತೆರಡ್ರಾಗ. ಬರ್ಕೋರಿ.”

ನಾನು ಎದ್ದು ನಿಂತೆ. “ಸರ್, ಅದು ತುರ್ತು ಪರಿಸ್ಥಿತಿ ವಿಧಿ. ಅಡಿಗಿಮನಿ ಸಾಮಾನು ಹೊಲದಾಗ ಯಾಕ ಹುಡುಕಾಕತ್ತೀರಿ?”

ಹುಡುಗರೆಲ್ಲ ನಕ್ಕರು. ಮಾಸ್ತರರು ನಗಲಿಲ್ಲ. “ಅಲ್ಲೇ ಐತ್ರಿ ಅಜ್ಜಾರ.”

“ಯಾಕೈತಿ?”

“ಐತಿ ಅಂದ್ರ ಐತ್ರಿ.”

“ಸಂವಿಧಾನದೊಳಗ ಸಂಪುಟ ಅನ್ನೂದ ಇಲ್ಲ. ನಾ ಸಾಲು ಸಾಲು ಓದೇನಿ. ಹಿಂದಿನವರ ನೋಟ್ಸ್ ನೋಡಿ ನೋಟ್ಸ್ ಬರದ್ರ ಹಿಂಗ ಆಗತೈತಿ ನೋಡ್ರಿ.”

ಅವರ ಕಿವಿ ಕೆಂಪಾದದ್ದನ್ನು ನಾನು ಕಂಡೆ. ಗೆದ್ದೆನೆಂದುಕೊಂಡು ಮನೆಗೆ ಬಂದು ಕೈ ತೊಳೆದು ಪುಸ್ತಕ ತೆಗೆದೆ. ಮುನ್ನೂರ ಐವತ್ತೆರಡು ಎಡಪುಟದಲ್ಲಿತ್ತು. ಸುಜಾತಾಳಿಗೆ ಬೆರಳಿಟ್ಟು ಓದಿಸಿದೆ. ಸಂಪುಟ ಎಲ್ಲಿಯೂ ಇರಲಿಲ್ಲ.

“ನೋಡಿದೇನು? ಮೂಲ ಯಾವತ್ತೂ ಮೂಲ.”

“ಹೌದಜ್ಜಾ,” ಎಂದಳು ಅವಳು. “ಆದ್ರ ಸರ್ ಅಷ್ಟು ಖಾತ್ರಿಲೆ ಹೇಳಿದ್ರು.”

“ಖಾತ್ರಿ ಬ್ಯಾರೆ, ಖರೇ ಬ್ಯಾರೆ.”

ಈ ಮಾತು ನನಗೇ ಬಹಳ ಮೆಚ್ಚುಗೆಯಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಆರಿದ್ರ ಮಳೆಯ ಒಂದು ರವಿವಾರ ಶಿಗ್ಗಾಂವಿಯಲ್ಲಿ ಪರೀಕ್ಷೆ. ಕೇಂದ್ರದ ಹೊರಗೆ ಕೊಡೆ ಹಿಡಿದು ನಿಂತಿದ್ದೆ. ಹೊರಬಂದ ಸುಜಾತಾಳ ಮುಖ ಅರಳಿತ್ತು. ಚಹಾ ಕುಡಿಯುವಾಗ ಹೇಳಿದಳು: “ಅಜ್ಜಾ, ಸಂಪುಟದ್ದು ಕೇಳಿದ್ರು. ಯಾವ ವಿಧ್ಯಾಗ ಐತಿ ಅಂತ. ಎಪ್ಪತ್ನಾಲ್ಕು, ಎಪ್ಪತ್ತೈದು, ಮುನ್ನೂರ ಐವತ್ತೆರಡು, ಯಾವುದರೊಳಗೂ ಇಲ್ಲ ಅಂತ ನಾಕು ಉತ್ತರ ಕೊಟ್ಟಿದ್ರು. ಒಂದು ಗಳಿಗಿ ಪೆನ್ನು ಎತ್ತಿ ಹಿಡ್ಕೊಂಡ ಕುಂತೆ. ಸರ್ ನೋಟ್ಸ್ ಓದ್ಯಾರ, ನಮ್ಮಜ್ಜ ಮೂಲ ಓದ್ಯಾನ. ಯಾವುದರೊಳಗೂ ಇಲ್ಲ ಅಂತ ಗುರ್ತು ಹಾಕಿದೆ.”

ನಾನು ಅವಳಿಗೆ ಇನ್ನೊಂದು ಕಪ್ ಚಹಾ ಹೇಳಿದೆ.

ಪುಷ್ಯ ಮಳೆಯಲ್ಲಿ ಸರಿಯುತ್ತರಗಳ ಪಟ್ಟಿ ಹೊರಬಿತ್ತು. ಆ ಪ್ರಶ್ನೆಗೆ ಉತ್ತರ: ಮುನ್ನೂರ ಐವತ್ತೆರಡು. ಪಟ್ಟಿಯನ್ನು ಮೊಬೈಲಿನಲ್ಲಿ ನೋಡುತ್ತಿದ್ದ ಸುಜಾತಾ ಅದನ್ನು ನನ್ನ ಕೈಗೆ ಕೊಟ್ಟಳು. ನನಗೆ ದುಃಖವಾಗಲಿಲ್ಲ, ಸಿಟ್ಟು ಬಂತು. ಪರೀಕ್ಷೆ ನಡೆಸಿದವರೂ ಅದೇ ನೋಟ್ಸ್ ಓದಿದವರೆಂದು ಖಚಿತವಾಯಿತು. ಮುದ್ರಿತ ದಾಖಲೆಯನ್ನು ಲಗತ್ತಿಸಿ ಆಕ್ಷೇಪಣೆ ಸಲ್ಲಿಸಲು ಕೆಲವೇ ದಿನಗಳ ಗಡುವಿತ್ತು.

“ಬಿಡಜ್ಜಾ,” ಎಂದಳು ಸುಜಾತಾ.

“ಬಿಡಾಕ ಇದೇನ್ ನಾ ಕಟ್ಟಿದ ಕತಿಯೇನು? ಪುಸ್ತಕ ಐತಿ. ತೋರಸ್ತೇನಿ.”

ಮುದ್ರಣದ ಪುಟ ಹರಿದ ಪ್ರತಿಯನ್ನು ಯಾರೂ ದಾಖಲೆಯೆಂದು ಒಪ್ಪರು. ಅಷ್ಟು ಕಚೇರಿಜ್ಞಾನ ನನಗಿತ್ತು. ಸವಣೂರಿನಲ್ಲಿ ಖಾದರಸಾಬ್ ಎಂಬ ಹಿರಿಯ ವಕೀಲರಿದ್ದರು, ನಮ್ಮ ಕಚೇರಿಗೆ ಬರುತ್ತಿದ್ದ ಕಾಲದಿಂದ ಪರಿಚಿತರು. ಅವರ ಪುಸ್ತಕದ ನಕಲು ತರೋಣವೆಂದು ಬಂಕಾಪುರದಲ್ಲಿ ಬಸ್ಸು ಬದಲಿಸಿ ಹೋದೆ. ಬಿಳಿಯ ಬಟ್ಟೆಯಲ್ಲಿ ಸುತ್ತಿದ ನನ್ನ ಪ್ರತಿ ಮಡಿಲಲ್ಲಿತ್ತು. ದಾರಿಯುದ್ದಕ್ಕೂ ಮಳೆ. ಬಸ್ಸಿನ ಕಿಟಕಿ ಸೋರುತ್ತಿತ್ತು. ನಾನು ತೊಯ್ದೆ, ಪುಸ್ತಕ ತೊಯ್ಯಲಿಲ್ಲ.

ವಕೀಲರು ನನ್ನ ಮಾತನ್ನು ಪೂರ್ತಿ ಕೇಳಿದರು. ಕಪಾಟಿನಿಂದ ತಮ್ಮ ಪ್ರತಿ ತೆಗೆದು ನನ್ನ ಪ್ರತಿಯ ಪಕ್ಕದಲ್ಲಿಟ್ಟರು. ಅವರದು ನನ್ನದಕ್ಕಿಂತ ಎಷ್ಟೋ ದಪ್ಪ. ಮುನ್ನೂರ ಐವತ್ತೆರಡನ್ನು ತೆರೆದು ನನ್ನ ಕಡೆಗೆ ತಿರುಗಿಸಿದರು. ಮೂರನೆಯ ಖಂಡದಲ್ಲಿ ಅದು ಇತ್ತು. ಪ್ರಧಾನಿ ಮತ್ತು ಸಂಪುಟ ದರ್ಜೆಯ ಮಂತ್ರಿಗಳು ಸೇರಿದ ಸಂಪುಟ ತೀರ್ಮಾನಿಸಿ, ಆ ತೀರ್ಮಾನವನ್ನು ಬರಹದಲ್ಲಿ ತಿಳಿಸಿದ ಹೊರತು ರಾಷ್ಟ್ರಪತಿ ತುರ್ತು ಪರಿಸ್ಥಿತಿಯನ್ನು ಘೋಷಿಸಕೂಡದು.

ನಾನು ಎರಡು ಸಲ ಓದಿದೆ. ಮತ್ತೆ ನನ್ನ ಪುಸ್ತಕವನ್ನು ನೋಡಿದೆ. ಅಲ್ಲಿ ಆ ಖಂಡವೇ ಬೇರೆ.

“ಯಲ್ಲಪ್ಪ, ನಿನ್ನ ಕಿತಾಬು ಸುಳ್ಳು ಹೇಳಿಲ್ಲ,” ಎಂದರು ವಕೀಲರು. “ಅದರ ಜಮಾನಾದಾಗ ಅದು ಖರೇನ ಇತ್ತು. ಆಮೇಲೆ ತಿದ್ದುಪಡಿ ಆತು.”

“ಆದ್ರ ಇಲ್ಲೇ ಯಾಕ್ರಿ ಸಾಹೇಬ್ರ? ತುರ್ತು ಪರಿಸ್ಥಿತಿ ಒಳಗ ಯಾಕ ತಂದು ತುರುಕಿದ್ರು?”

ವಕೀಲರು ಕನ್ನಡಕ ತೆಗೆದರು. “ಒಮ್ಮೆ ಏನಾತು ಗೊತ್ತಲ್ಲ? ಪ್ರಧಾನಿ ಒಬ್ಬರ ಸಲಹಾದ ಮ್ಯಾಲೆ ತುರ್ತು ಪರಿಸ್ಥಿತಿ ಸಹಿ ಆತು. ಸಂಪುಟದವರಿಗೆ ತಿಳದದ್ದು ಮರುದಿನ ಮುಂಜಾನೆ, ಕರದು ಹೇಳಿದಾಗ. ಮಂತ್ರಿ ಅಂತ ಹೆಸರಿಟ್ಕೊಂಡು ಕುಂತವರಿಗೇ ಖಬರ್ ಇರಲಿಲ್ಲ. ಇನ್ನ ಮುಂದ ಹಂಗ ಒಬ್ಬರ ಮಾತಿನ ಮ್ಯಾಲೆ ನಡೀಬಾರ್ದು, ಎಲ್ಲಾರೂ ಕೂಡಿ ಕುಂತು, ಬರದು ಕೊಡಬೇಕು ಅಂತ ಅಲ್ಲಿ ತಂದಿಟ್ರು. ಎಲ್ಲಿ ಗಾಯ ಆಗಿತ್ತೋ ಅಲ್ಲೇ ಪಟ್ಟಿ ಕಟ್ಟಬೇಕಲ್ಲೋ ಮಾರಾಯ.”

ಮೂವತ್ತು ವರ್ಷ ಸರಕಾರದ ಪುಸ್ತಕಗಳಿಗೆಲ್ಲ ಚೀಟಿ ಹಚ್ಚಿದ ಕೈ ನನ್ನದು. ತಿದ್ದುಪಡಿಗಳಾಗಿವೆಯೆಂದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಮನೆಯ ಪುಸ್ತಕಕ್ಕೆ ಹೂವು ಏರಿಸಿದೆ, ಚೀಟಿ ಹಚ್ಚಲಿಲ್ಲ. ಊರಿನವರೆಲ್ಲರ ಮಾತನ್ನು ಅನುಮಾನಿಸಿದವನು ಅದೊಂದನ್ನು ಅನುಮಾನಿಸಲಿಲ್ಲ. ಬೆಲೆ ತೆತ್ತವಳು ಸುಜಾತಾ.

ಆಕ್ಷೇಪಣೆಗೆ ಬರೆದ ಅರ್ಜಿಯನ್ನು ಅಲ್ಲೇ ಹರಿದೆ. ವಕೀಲರ ಪುಟದ ನಕಲನ್ನು ಮಾತ್ರ ತೆಗೆದುಕೊಂಡು ಊರಿಗೆ ಬಂದು ಸುಜಾತಾಳ ಮುಂದೆ ಇಟ್ಟೆ. “ಸರ್ ಹೇಳಿದ್ದ ಖರೇ. ನಿನ್ನ ಮಾರ್ಕ್ಸ್ ಕಳದಾವ ನಾನು,” ಎಂದೆ. ಅವಳು ಅದನ್ನು ಓದಿ, ಮಡಚಿ, ತನ್ನ ನೋಟುಬುಕ್ಕಿನೊಳಗಿಟ್ಟಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನವೇ ತಿಳವಳ್ಳಿ ಮೇಲೆ ಹಾಯ್ದು ಹಿರೇಕೆರೂರಿಗೆ ಹೋದೆ. ಚನ್ನಬಸಪ್ಪ ಮಾಸ್ತರರು ಎತ್ತಿನ ಗೋದಲಿಗೆ ಮೇವು ಹಾಕುತ್ತಿದ್ದರು. ನನ್ನನ್ನು ಕಂಡು ಗಾಬರಿಯಾದರು, ಜಗಳಕ್ಕೆ ಬಂದೆನೆಂದುಕೊಂಡಿರಬೇಕು.

“ಸರ್, ಮುನ್ನೂರ ಐವತ್ತೆರಡ್ರಾಗ ಐತಿ. ನಾ ಹುಡುಗೂರ ಮುಂದ ನಿಮಗ ಅಂದದ್ದು ತಪ್ಪು. ಬರೂ ರವಿವಾರ ಅವರ ಮುಂದನ ನಿಂತು ಹೇಳ್ತೇನಿ.”

“ಅಯ್ಯ, ಬ್ಯಾಡ್ರಿ ಅಜ್ಜಾರ. ಕುಂಡ್ರಿ ಮೊದಲ.” ಕೈಯ ಮೇವಿನ ಕಸ ಒರೆಸಿಕೊಳ್ಳುತ್ತ ಹೇಳಿದರು: “ನೀವು ಅಂದದ್ದು ಅರ್ಧ ಖರೇನ ಐತ್ರಿ. ನಾನೂ ಮೂಲ ತಗದು ನೋಡಿರಲಿಲ್ಲ. ನೋಟ್ಸಿನ್ಯಾಗ ಇತ್ತು, ಹೇಳಿದೆ. ನೀವು ಯಾಕ ಅಂದ್ರಲ್ಲ, ಅದಕ್ಕ ನನ್ನ ಕಡೆ ಉತ್ತರ ಇರಲಿಲ್ಲ.”

ನಾನು ಆ ಉತ್ತರವನ್ನು ಹೇಳಿದೆ. ಅವರು ಗೋದಲಿಯ ಕಟ್ಟೆಯ ಮೇಲೆ ಕೂತು ಬರೆದುಕೊಂಡರು. ಮುಂದಿನ ರವಿವಾರ ನಾನು ತಪ್ಪೊಪ್ಪಿಕೊಂಡೆ. ಅವರು ‘ಯಾಕೆ’ ಎಂಬುದನ್ನು ಪಾಠ ಮಾಡಿದರು. ಹುಡುಗರು ಈ ಸಲ ನಗಲಿಲ್ಲ.

ಮಘೆ ಮಳೆ ಮುಗಿಯುವ ಹೊತ್ತಿಗೆ ಆಯ್ಕೆಪಟ್ಟಿ ಬಂತು. ಪಟ್ಟಿಯ ಕೊನೆಯ ಹೆಸರಿಗೂ ಸುಜಾತಾಳಿಗೂ ನಡುವೆ ಇದ್ದದ್ದು ಆ ಒಂದೇ ಪ್ರಶ್ನೆ.

ಕಮಲ ಆ ವಾರ ಒದ್ದೆ ಬಟ್ಟೆಯಲ್ಲಿ ಎಲೆ ಕಟ್ಟಿಕೊಂಡು ಸವಣೂರಿನಿಂದ ಬಂದಳು. ಕೊಟ್ಟ ವರ್ಷ ಮುಗಿಯುತ್ತ ಬಂದಿತ್ತು. ಅವಳು ಬಾಯಿ ತೆರೆಯುವ ಮುನ್ನವೇ ನಾನು ಹೇಳಿದೆ: “ಸುಜಾತಾ ಇನ್ನೊಂದು ವರ್ಷ ಇಲ್ಲೇ ಇರ್ತಾಳ. ನನ್ನ ಪೆನ್ಶನ್ ಐತಿ. ತಪ್ಪು ನಂದು, ನಾ ತುಂಬಿಕೊಡ್ತೇನಿ. ತೀರ್ಮಾನ ಮಾಡೇನಿ.”

ಸುಜಾತಾ ಎದ್ದು ನೋಟುಬುಕ್ಕಿನಿಂದ ವಕೀಲರ ಪುಟದ ನಕಲನ್ನು ತೆಗೆದು ನನ್ನ ಮುಂದಿಟ್ಟಳು. “ಅಜ್ಜಾ, ಇದನ್ನ ಮತ್ತೊಮ್ಮೆ ಓದು.”

“ಓದೇನಲ್ಲ.”

“ನಿನ್ನ ತೀರ್ಮಾನ ಯಾರು ಬರದು ಕೊಟ್ರು? ಅವ್ವನ್ನ ಕೇಳಿದೇನು? ನನ್ನ ಕೇಳಿದೇನು? ಕರಕೊಂಡು ಬರೂ ಮುಂದನೂ ಕೇಳಲಿಲ್ಲ. ಉತ್ತರ ಹೇಳೂ ಮುಂದನೂ ಕೇಳಲಿಲ್ಲ. ಈಗರ ಕೇಳು.”

ಕಮಲ ಮಗಳನ್ನು ಗದರಲು ಬಾಯಿ ತೆರೆದಳು. ನಾನು ಕೈ ಎತ್ತಿ ತಡೆದೆ. ಮೂವರೂ ಚಾಪೆಯ ಮೇಲೆ ಕೂತೆವು. ಅದು ನಮ್ಮ ಮನೆಯ ಮೊದಲ ಸಂಪುಟ ಸಭೆ. ಕಮಲ ಎಲೆ ಆಯುತ್ತಲೇ ಭಾಗವಹಿಸಿದಳು.

ಸುಜಾತಾ ಹೇಳಿದ್ದು ಇಷ್ಟು: ಸವಣೂರಿಗೆ ಮರಳುತ್ತೇನೆ, ಮಧ್ಯಾಹ್ನದವರೆಗೆ ಖಾರದ ಅಂಗಡಿ, ಆಮೇಲೆ ಓದು, ರವಿವಾರ ಹಾನಗಲ್ಲಿಗೆ ಪಾಠಕ್ಕೆ ಬರುತ್ತೇನೆ, ಪರೀಕ್ಷೆಯನ್ನು ಮತ್ತೆ ಬರೆಯುತ್ತೇನೆ. ನಾನು ಬಲವಾಗಿ ವಿರೋಧಿಸಿದೆ. ಖಾರದ ಘಾಟಿನಲ್ಲಿ ದುಡಿದು ಬಂದು ಓದಲಾಗದು ಎಂದೆ. ಒಂದು ಮನಸ್ಸಿನಿಂದ ಕೂಡಬೇಕು ಎಂದೆ. ಮನೆ ಬಿಕೋ ಎನ್ನುತ್ತದೆಂಬುದನ್ನು ಮಾತ್ರ ಹೇಳಲಿಲ್ಲ. ಕಮಲ ಎಲೆಯ ತೊಟ್ಟು ಮುರಿಯುತ್ತ ಹೇಳಿದಳು: “ಅಪ್ಪಾ, ಆಕಿ ನನ್ನ ಕಣ್ಣ ಮುಂದ ಇದ್ದು ಓದಲಿ. ಸಂಜಿಕಿ ಮನಿ ಕೆಲಸ ನಾ ಮುಟ್ಟಸಾಂಗಿಲ್ಲ.”

ಇಬ್ಬರು ಒಂದು ಕಡೆ, ನಾನೊಬ್ಬನು ಒಂದು ಕಡೆ. ಸುಜಾತಾ ತೀರ್ಮಾನವನ್ನು ಕಾಗದದಲ್ಲಿ ಬರೆದಳು. ಕಮಲ ಅಕ್ಷರ ಕೂಡಿಸಿ ಸಹಿ ಮಾಡಿದಳು. ನಂತರ ಇಬ್ಬರೂ ನನ್ನ ಕೈಯನ್ನು ನೋಡಿದರು. ನಾನೂ ಸಹಿ ಹಾಕಿದೆ.

ಸಹಿ ಹಾಕುವುದು ಸುಲಭ. ಒಟ್ಟು ಹೊಣೆ ಎಂಬುದರ ಭಾರ ತಿಳಿದದ್ದು ಆಮೇಲೆ. ಸಭೆಯೊಳಗೆ ಮಂತ್ರಿ ಎಷ್ಟಾದರೂ ವಾದಿಸಬಹುದು. ಹೊರಗೆ ಬಂದ ಮೇಲೆ ತೀರ್ಮಾನ ಅವನದೂ ಹೌದು. ಒಪ್ಪಲಾರದವನು ರಾಜೀನಾಮೆ ಕೊಡಬೇಕು. ಅಜ್ಜನ ಹುದ್ದೆಗೆ ರಾಜೀನಾಮೆ ಎಲ್ಲಿದೆ? ಸುಜಾತಾ ಟ್ರಂಕು ಹೊತ್ತು ಹೋದ ಮೂರನೆಯ ದಿನ ರುದ್ರಪ್ಪ, ಇದೇ ಬೈಂಡಿಂಗ್ ಅಂಗಡಿಯವನು, ನಾಲ್ಕು ಜನರ ಎದುರು ಕೂಗಿ ಕೇಳಿದ: “ಏನ್ ಯಲ್ಲಪ್ಪಣ್ಣ, ಪೆನ್ಶನ್ ತಗೊಂಡು ಮೊಮ್ಮಗಳನ್ನ ಖಾರದಂಗಡಿಗೆ ಅಟ್ಟೀಯಂತಲ್ಲ? ಕಾಯ್ದೆ ಪಂಡಿತರ ಮನ್ಯಾಗ ಹಿಂಗೇನು?”

‘ನಾ ಬ್ಯಾಡ ಅಂದಿದ್ದೆ’ ಎಂಬ ಮಾತು ಹಲ್ಲಿನವರೆಗೆ ಬಂದಿತ್ತು. ನುಂಗಿದೆ. “ಅದು ನಮ್ಮ ಮನಿ ತೀರ್ಮಾನ ರುದ್ರಪ್ಪ. ಭಾಳ ವಿಚಾರ ಮಾಡಿ ಮಾಡೇವಿ,” ಎಂದು ನಡೆದುಬಂದೆ. ಆ ವರ್ಷವೆಲ್ಲ ಯಾರು ಕೇಳಿದರೂ ಅದೇ ಉತ್ತರ. ಇಷ್ಟು ಹಟದಿಂದ ನಾನು ನನ್ನ ಮಾತನ್ನೂ ಎಂದೂ ಎತ್ತಿ ಹಿಡಿದಿರಲಿಲ್ಲ.

ಅದೇ ವಾರ ಮನೆಯಲ್ಲಿ ಅಂಟು ಕುದಿಸಿದೆ. ವಕೀಲರ ಪುಟದಿಂದ ಆ ಖಂಡವನ್ನು ನನ್ನ ಕೈಯಿಂದ ಚೀಟಿಯಲ್ಲಿ ಬರೆದು, ಮುನ್ನೂರ ಐವತ್ತೆರಡರ ಮಗ್ಗುಲಲ್ಲಿ ಒಂದು ಅಂಚು ಮಾತ್ರ ಅಂಟುವಂತೆ ಹಚ್ಚಿದೆ. ಪೂಜಿಸಿದ ಪುಟಕ್ಕೆ ಅಂಟು ಸವರುವ ಮುನ್ನ ಕೈಯನ್ನು ಎರಡು ಸಲ ತೊಳೆದಿದ್ದೆ. ಅದರ ಕೆಳಗೆ ಮೂರು ಸಹಿಗಳ ನಮ್ಮ ಕಾಗದವನ್ನೂ ಹಚ್ಚಿದೆ. ಅಲ್ಲಿಂದ ಒಂದೊಂದಾಗಿ, ಎಷ್ಟೋ ವರ್ಷಗಳ ಬಾಕಿ ಚೀಟಿಗಳು.

ಸುಜಾತಾ ಎರಡನೆಯ ಸಲ ಆಯ್ಕೆಯಾದಳು. ಖಾರದ ಘಾಟಿನಲ್ಲಿ ದುಡಿದು ಬಂದು ಓದಲಾಗದೆಂದು ನಾನು ಹೇಳಿದ್ದೂ ತಪ್ಪೇ ಆಯಿತು. ಈಗ ಶಿಗ್ಗಾಂವಿಯ ಒಂದು ಕಚೇರಿಯಲ್ಲಿದ್ದಾಳೆ.

ಚೀಟಿ ಹೆಚ್ಚಿ ಪುಸ್ತಕದ ಬೆನ್ನು ಬಿರಿದಿತ್ತು. ಹಾಗಾಗಿಯೇ ಕಳೆದ ವಾರ ರುದ್ರಪ್ಪನ ಅಂಗಡಿಗೆ ಹೋದದ್ದು. ಅವನು ಪುಟ ತಿರುವುತ್ತ, ಮುನ್ನೂರ ಐವತ್ತೆರಡರಲ್ಲಿ ತಡೆದ. ಕನ್ನಡಕ ಏರಿಸಿ ಮೂರು ಸಹಿಗಳನ್ನು ಓದಿದ.

“ಯಲ್ಲಪ್ಪಣ್ಣ, ಇದು ಸರಕಾರದ್ದಲ್ಲ, ನಿಮ್ಮ ಮನೀದು. ಇದರ ದೆಸಿಂದನೂ ಬೆನ್ನು ಉಬ್ಬೈತಿ. ಕಿತ್ತು ಬ್ಯಾರೆ ಕೊಡ್ಲೇನು?” ಎಂದ. ಮತ್ತೆ ದನಿ ತಗ್ಗಿಸಿ ಕೇಳಿದ: “ಖರೇ ಹೇಳು, ಆವತ್ತು ಆಕಿನ್ನ ಕಳಸಾಕ ನಿನಗ ಮನಸ್ಸಿತ್ತೇನು?”

ಒಲೆಯ ಮೇಲೆ ಅಂಟು ಬುಳುಬುಳು ಕುದಿಯುತ್ತಿತ್ತು.

“ಅದರ ಮ್ಯಾಲೇ ಹೊಲಿ ರುದ್ರಪ್ಪ,” ಎಂದೆ. “ಕೀಳಬೇಕಂದ್ರ ನಾ ಒಬ್ಬಾವ ಹೇಳಾಕ ಬರಾಂಗಿಲ್ಲ.”